ಸಂಪಾದಕರ ಉತ್ತರ: ಕಂಡದ್ದು ಯಾರಿಗೆ ದಕ್ಕಿತು?

ಆತ್ಮೀಯ ಓದುಗರೇ,

ಆಳಂದದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ರಜೆಯ ದಿನ ಗೆಳೆಯರೆಲ್ಲ ರೂಮಿನಲ್ಲಿ ಕೂತು ‘ವ್ಯಾಂಪೈರ್: ದಿ ಮಾಸ್ಕ್ವೆರೇಡ್’ ಆಡುತ್ತೀರಿ. ನಿಮ್ಮ ಪಾತ್ರ ಮಾಲ್ಕೇವಿಯನ್ ವಂಶದ್ದು. ‘ನೀನು ಹುಚ್ಚ, ಸುಮ್ನೆ ನಮ್ಮನ್ನು ನಗಿಸು’ ಅನ್ನುತ್ತಾರೆ ಗೆಳೆಯರು. ನಿಮಗೆ ಅದು ಚುಚ್ಚುತ್ತಿದೆ. ಈ ರಕ್ತ ಕುಡಿಯುವ ಪಾತ್ರಗಳಿಗೆ ಹುಚ್ಚು ಶಾಪವೋ ವರವೋ ಎಂದು ಕೇಳಿದ್ದೀರಿ.

ಉಳಿದ ಓದುಗರಿಗೆ ಒಂದು ಮಾತು. ಇದು 1991ರಲ್ಲಿ ಅಮೆರಿಕದಲ್ಲಿ ಹೊರಬಂದ ಆಟ. ದಾಳ ಹಾಕುತ್ತಾ, ಮಾತಿನಲ್ಲೇ ಕಥೆ ಕಟ್ಟುತ್ತಾ ಹೋಗಬೇಕು. ವ್ಯಾಂಪೈರ್‌ಗಳಲ್ಲಿ ವಂಶಗಳಿವೆ, ಒಂದೊಂದಕ್ಕೂ ಒಂದೊಂದು ಕುಂದು. ಮಾಲ್ಕೇವಿಯನ್ನರ ಕುಂದು ಮನಸ್ಸಿನದು. ವ್ಯಾಂಪೈರ್ ಆದ ಗಳಿಗೆಯಲ್ಲಿ ಅಂಟಿದ ಕಾಯಿಲೆ ಮತ್ತೆ ಬಿಡುವುದಿಲ್ಲ. ಆದರೆ ಬೇರೆಯವರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ನನ್ನ ಮಟ್ಟಿಗೆ, ಪಾತ್ರಕ್ಕೆ ಅದು ಶಾಪವೇ. ವರ ಸಿಗುವುದು ಕಥೆಯ ಹೊರಗೆ ಕೂತ ನಮಗೆ.

ಇದೇ ಲೋಕದ ಕಂಪ್ಯೂಟರ್ ಆಟ ‘ಬ್ಲಡ್‌ಲೈನ್ಸ್’ 2004ರಲ್ಲಿ ಬಂತು. ಅದರಲ್ಲಿ ಮಾಲ್ಕೇವಿಯನ್ ಆಗಿ ಆಡಿದರೆ ನಿಮ್ಮ ಪಾತ್ರದ ಮಾತುಗಳೇ ಬೇರೆ. ರಸ್ತೆ ಬದಿಯ ‘ಸ್ಟಾಪ್’ ಫಲಕದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಟಿವಿಯಲ್ಲಿ ಸುದ್ದಿ ಓದುವವನ ಜೊತೆ ಮಾತಾಡುತ್ತದೆ. ಒಗಟಿನಂಥ ಅದರ ಮಾತುಗಳಲ್ಲಿ ಮುಂದಿನ ಕಥೆಯ ಸುಳಿವುಗಳಿವೆ. ಆದರೆ ಅವು ಸುಳಿವು ಅಂತ ಚೆನ್ನಾಗಿ ತಿಳಿಯುವುದು ಒಮ್ಮೆ ಆಟ ಮುಗಿಸಿ ಮತ್ತೆ ಮೊದಲಿಂದ ಆಡಿದಾಗ. ಹಾಗೆ ಆಡಲು ನಮಗೆ ಅವಕಾಶ ಇದೆ. ಪಾತ್ರಕ್ಕೆ ಎರಡನೇ ಸಲ ಎಲ್ಲಿದೆ?

ಇನ್ನೂ ಹಿಂದಕ್ಕೆ, 1897ರ ‘ಡ್ರಾಕುಲಾ’ ಕಾದಂಬರಿಗೆ ಹೋಗೋಣ. ಡ್ರಾಕುಲಾ ಅದರಲ್ಲಿನ ವ್ಯಾಂಪೈರ್. ಅಲ್ಲಿನ ರೆನ್‌ಫೀಲ್ಡ್ ವ್ಯಾಂಪೈರ್ ಅಲ್ಲ, ಹುಚ್ಚಾಸ್ಪತ್ರೆಯ ರೋಗಿ. ನೊಣ, ಜೇಡ ತಿನ್ನುವವನು ಅಂತಲೇ ಎಲ್ಲರಿಗೂ ನೆನಪು. ನನಗೆ ಮರೆಯಲಾಗದ್ದು ಅವನು ಆಸ್ಪತ್ರೆಯಿಂದ ಬಿಟ್ಟುಬಿಡಿ ಎಂದು ಗೋಗರೆಯುವ ರಾತ್ರಿ. ಅವತ್ತು ಅವನ ಮಾತು ತೀರಾ ನೆಟ್ಟಗಿದೆ. ಕಾರಣ ಮಾತ್ರ ಹೇಳಲಾರ. ವೈದ್ಯ ಸೆವರ್ಡ್ ಒಪ್ಪುವುದಿಲ್ಲ. ಆಮೇಲೆ ಡ್ರಾಕುಲಾ ಕಾದಂಬರಿಯ ನಾಯಕಿ ಮೀನಾಳ ರಕ್ತ ಹೀರುತ್ತಿದ್ದಾನೆ ಎಂದು ಅರಿತ ರೆನ್‌ಫೀಲ್ಡ್, ಅವನನ್ನು ಹಿಡಿದು ನಿಲ್ಲಿಸಲು ಹೋಗಿ ಪ್ರಾಣ ಬಿಡುತ್ತಾನೆ. ಅವನು ಯಾಕೆ ಗೋಗರೆದ ಅಂತ ನಮಗೆ ತಿಳಿಯುತ್ತದೆ. ಅವನಿಗೆ ಅದರಿಂದ ಏನು ಸಿಕ್ಕಿತು?

ಶರಣ ಮರುಳಶಂಕರದೇವರ ಉದಾಹರಣೆ ಕೊಟ್ಟು ನನ್ನನ್ನು ಕಟ್ಟಿಹಾಕಿದ್ದೀರಿ. ಕಲ್ಯಾಣದ ಮಹಾಮನೆಯಲ್ಲಿ ಅವರು ಮರುಳನಂತೆ, ಯಾರ ಕಣ್ಣಿಗೂ ಬೀಳದೆ ಇದ್ದರು. ಅಲ್ಲಮಪ್ರಭು ಬಂದು ಗುರುತಿಸಿದರು ಎನ್ನುತ್ತದೆ ಶೂನ್ಯಸಂಪಾದನೆ. ಅದು ವರವಲ್ಲವೇ ಅನ್ನುತ್ತೀರಿ. ಆದರೆ ಅವರಿಗೆ ಕಾಯಿಲೆ ಇರಲಿಲ್ಲ. ಮರುಳು ಇದ್ದದ್ದು ನೋಡುವವರ ಕಣ್ಣಲ್ಲಿ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕಾಯಿಲೆಯನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಕಲಬುರಗಿಯ ನಮ್ಮ ಮನೆಯಲ್ಲಿ ನನ್ನ ಕಾಕಾ ರಾತ್ರಿಯಿಡೀ ಅಂಗಳದಲ್ಲಿ ಓಡಾಡುತ್ತಿದ್ದರು. ಗಾಣಗಾಪುರಕ್ಕೂ ಕರೆದುಕೊಂಡು ಹೋಗಿದ್ದೆವು. ಅವರ ಮೈಮೇಲೆ ಏನೋ ಇದೆ, ಅವರಿಗೆ ಮುಂದಿನದು ಕಾಣುತ್ತದೆ ಅಂತ ಓಣಿಯವರು ನಂಬಿದ್ದರು. ಮಗಳ ಮದುವೆ, ಕಳೆದ ಎಮ್ಮೆ, ಎಲ್ಲದಕ್ಕೂ ಬಂದು ಕೇಳುವವರೇ. ಒಂದು ಬೆಳಗಿನ ಜಾವ ನಾನೂ ಕೇಳಿದೆ. ಕಾಕಾ ಅಂದರು: ‘ನನಗೇನೂ ಕಾಣಂಗಿಲ್ಲ ತಮ್ಮಾ. ಒಂದು ನಿದ್ದಿ ಬಂದ್ರ ಸಾಕಾಗ್ಯಾದ.’ ಕೊನೆಗೆ ಡಾಕ್ಟರ ಗುಳಿಗೆಯಿಂದ ನಿದ್ದೆ ಬಂತು. ಅವರು ಮಲಗಿದ್ದನ್ನು ನೋಡುತ್ತಾ ಆಯಿ ಬಾಗಿಲಲ್ಲೇ ಕೂತಿದ್ದಳು.

ಹಾಗಾಗಿ ನಿಮ್ಮ ಮಾಲ್ಕೇವಿಯನ್‌ನನ್ನು ಕೋಡಂಗಿ ಮಾಡಬೇಡಿ. ದೊಡ್ಡ ಜ್ಞಾನಿಯನ್ನಾಗಿಯೂ ಮಾಡಬೇಡಿ. ಅವನಿಗೆ ಒಂದು ಸಣ್ಣ ಆಸೆ ಕೊಡಿ. ಕಂಡದ್ದನ್ನು ಹೇಳಲು ಹೋದಾಗ ಮಾತು ತಡವರಿಸಲಿ. ಗೆಳೆಯರ ಪೈಕಿ ಒಬ್ಬರ ಪಾತ್ರವಾದರೂ ಅವನ ಮಾತು ಮುಗಿಯುವವರೆಗೆ ಕೂತು ಕೇಳಲಿ. ಯಾರು ಕೂತರು, ಏನಾಯಿತು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂಪಾದಕ