ಅಂಕೋಲಾದಲ್ಲಿ ಎರಡೇ ನಿಮಿಷ ನಿಲ್ಲುವ ರೈಲು ಹತ್ತಲು ಅಷ್ಟು ಒದ್ದಾಟ ಏಕೆ? ಬೋಗಿಯ ಒಳವಿನ್ಯಾಸ ಬದಲಿಸಿದರೆ ಸರಿಹೋದೀತೆ?

ಬಹುಮಟ್ಟಿಗೆ ಸರಿಹೋಗುತ್ತದೆ. ರೈಲು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವುದು ಅತಿ ಹೆಚ್ಚು ನೂಕುನುಗ್ಗಲಿರುವ ಒಂದು ಬಾಗಿಲು. ಉಳಿದವು ಖಾಲಿಯಿದ್ದರೂ ಅದಕ್ಕಾಗಿ ಕಾಯಲೇಬೇಕು.

ಎಲ್‌ಎಚ್‌ಬಿ (ಜರ್ಮನ್ ವಿನ್ಯಾಸದ ಹೊಸ ಮಾದರಿ) ಸ್ಲೀಪರ್ ಬೋಗಿಯಲ್ಲಿ 80 ಬರ್ತ್. ಪ್ಲಾಟ್‌ಫಾರ್ಮ್ ಕಡೆ ಇರುವುದು ಎರಡೇ ಬಾಗಿಲು, ಅವೂ ಎರಡು ತುದಿಗೆ. ಬ್ಯಾಗ್ ಹೊತ್ತವರಿಗೆ ತಲಾ 3 ಸೆಕೆಂಡ್ ಹಿಡಿಯಿರಿ: ಒಂದು ಬಾಗಿಲಲ್ಲಿ 20 ಜನ ಇಳಿದು 20 ಜನ ಹತ್ತುವಷ್ಟರಲ್ಲಿ ಎರಡು ನಿಮಿಷ ಮುಗಿಯಿತು. ಮೇಲಾಗಿ ಬಾಗಿಲ ಪಕ್ಕದಲ್ಲೇ ಶೌಚಾಲಯ, ವಾಷ್‌ಬೇಸಿನ್. ಅಲ್ಲಿ ಕಾದು ನಿಂತವರು, ಬರ್ತ್ ಕೆಳಗೆ ಹಿಡಿಸದ ಸೂಟ್‌ಕೇಸು ಸೇರಿ ದಾರಿ ಒಬ್ಬರು ನುಸುಳುವಷ್ಟಾಗುತ್ತದೆ. ಹಾಗಾಗಿ ಬಾಗಿಲನ್ನಷ್ಟೇ ಅಗಲಿಸಿ ಪ್ರಯೋಜನವಿಲ್ಲ, ಅದರ ಒಳಗಿನ ಜಾಗ ಮೊದಲು ಖಾಲಿಯಾಗಬೇಕು.

ಹಗಲು ಊರೂರಿಗೆ ನಿಲ್ಲುವ ಗಾಡಿಯಾದರೆ ಬಾಗಿಲುಗಳನ್ನು ತುದಿಯಿಂದ ಬೋಗಿಯ ಮೂರನೇ ಒಂದರಷ್ಟು ಒಳಕ್ಕೆ ತರಬೇಕು, ಇಬ್ಬರು ಅಕ್ಕಪಕ್ಕ ದಾಟುವಷ್ಟು ಅಗಲ ಕೊಡಬೇಕು. ಆಗ ಪ್ರತಿ ಬಾಗಿಲಿಗೂ ಎರಡು ಬದಿಯಿಂದ ಜನ ಬರುತ್ತಾರೆ, ನಡೆಯುವ ದೂರವೂ ಕಡಿಮೆ. ಲಗೇಜ್ ರ‍್ಯಾಕನ್ನು ಸೀಟುಗಳ ನಡುವೆ, ಕಣ್ಣಿಗೆ ಬೀಳುವಲ್ಲಿಡಿ. ಇಲ್ಲದಿದ್ದರೆ ಕಳವಿನ ಭಯಕ್ಕೆ ಯಾರೂ ಅಲ್ಲಿ ಇಡುವುದಿಲ್ಲ, ಮತ್ತೆ ಎಲ್ಲವೂ ದಾರಿಗೇ ಬರುತ್ತದೆ. ಇದಕ್ಕೆ ಒಂದಷ್ಟು ಸೀಟು ಕಳೆದುಕೊಳ್ಳಬೇಕು. ಬೆಂಗಳೂರು–ಕಾರವಾರದಂಥ ರಾತ್ರಿ ಗಾಡಿಗೆ ಮಾತ್ರ ತುದಿಬಾಗಿಲೇ ವಾಸಿ, ನಿದ್ದೆ ಕೆಡುವುದಿಲ್ಲ.

ಸಾಲದ್ದಕ್ಕೆ ಇಲ್ಲಿರುವುದು ಏಕಪಥ, ಹೋಗುವ ಬರುವ ಗಾಡಿಗಳಿಗೆ ಒಂದೇ ಹಳಿ. ಅಂಕೋಲಾದಲ್ಲಿ ತಡವಾದರೆ ಎದುರಿನ ಗಾಡಿಯೂ ಕ್ರಾಸಿಂಗಿಗೆ ಕಾಯುತ್ತ ನಿಲ್ಲುತ್ತದೆ.