ಮಾಸ್ಕೋಗೆ ಬರುತ್ತಿರುವ ತಂಗಿಗೆ

ತಂಗಿ, ನಿಮ್ಮ ಪತ್ರ ಓದಿದೆ. ಯಜಮಾನರಿಗೆ ಮಾಸ್ಕೋದಲ್ಲಿ ಕೆಲಸ ಸಿಕ್ಕಿದೆ, ಅಕ್ಟೋಬರ್‌ನಲ್ಲಿ ಬರುತ್ತಿದ್ದೀರಿ, ಜೊತೆಗೆ 7 ವರ್ಷದ ಮಗಳು. ಚಳಿ ತಡೆಯೋಕಾಗುತ್ತಾ, ಊಟಕ್ಕೇನು ಮಾಡೋದು, ಮಗಳ ಸ್ಕೂಲ್ ಹೇಗೆ, ಅಲ್ಲಿಯವರು ನಗೋದೇ ಇಲ್ಲವಂತೆ ಹೌದಾ ಅಂತೆಲ್ಲ ಕೇಳಿದ್ದೀರಿ. ಇತಿಹಾಸ ತಿಳ್ಕೋಬೇಕು, ಆದರೆ ದಪ್ಪ ಪುಸ್ತಕ ಓದೋಕೆ ಆಗಲ್ಲ, ಚಿತ್ರ ನೋಡಿ ತಿಳ್ಕೊಳ್ಳೋದಾದರೆ ಯಾವುದರಿಂದ ಶುರು ಮಾಡಲಿ ಅಂದಿದ್ದೀರಿ. ಕೊನೆಗೆ ಒಂದು ಹಳೇ ಬಣ್ಣದ ಫೋಟೋ ಕಳಿಸಿ, "ಅಕ್ಕ, ಈಗಲೂ ಹೀಗೇ ಇದೆಯಾ?" ಅಂತ ಬೇರೆ. ಹಳ್ಳಿಯ ಮೂವರು ಹುಡುಗಿಯರು, ಕೈಯಲ್ಲಿ ಹಣ್ಣಿನ ತಟ್ಟೆ. ನೋಡಿ ನಗು ಬಂತು. 2004ರಲ್ಲಿ ನಾನು ಕೇಳಿದ್ದೂ ಇದೇ ಪ್ರಶ್ನೆ, ಇದೇ ಫೋಟೋ.

ಸುಲಭದ್ದನ್ನು ಮೊದಲು ಮುಗಿಸಿಬಿಡುತ್ತೇನೆ. ಮನೆಯೊಳಗೆ ಚಳಿ ಇಲ್ಲ. ಇಡೀ ಕಟ್ಟಡಕ್ಕೆ ಬಿಸಿನೀರಿನ ಕೊಳವೆ ಹಾಯಿಸಿರುತ್ತಾರೆ, ಜನವರಿಯಲ್ಲೂ ಹತ್ತಿ ಬಟ್ಟೆ ಸಾಕು. ಜಾಕೆಟ್, ಬೂಟು ಇಲ್ಲೇ ಕೊಳ್ಳಿ. ಬೆಂಗಳೂರಿನಲ್ಲಿ ಕೊಂಡ ಸ್ವೆಟರ್ ಬರೀ ಭಾರ. ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರಿಂದ ಇಲ್ಲಿ ನಡೆಯುವುದಿಲ್ಲ, ಕೈಯಲ್ಲಿ ನಗದು ಇರಲಿ. ವಿಳಾಸದ ರಿಜಿಸ್ಟ್ರೇಷನ್ ಬಂದ ಕೂಡಲೇ ಮಾಡಿಸಿ, ನಾಳೆ ನಾಡಿದ್ದು ಅನ್ನಬೇಡಿ.

ಊಟದ ವಿಷಯ. "ವೆಜಿಟೇರಿಯನ್" ಅಂದರೆ ಕೆಲವರು ಮೀನು ತಂದಿಟ್ಟುಬಿಡುತ್ತಾರೆ. "ಪೋಸ್ಟ್ನೊಯೆ", ಅಂದರೆ ವ್ರತದ ಅಡುಗೆ, ಇದೆಯಾ ಅಂತ ಕೇಳಿ. ಈಸ್ಟರ್‌ಗೆ ಮುಂಚಿನ ಏಳು ವಾರ ಇಲ್ಲಿನ ಆಚಾರವಂತರು ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ. ನಮ್ಮಲ್ಲಿ ಶ್ರಾವಣ ಹಿಡಿಯೋದಿಲ್ಲವಾ, ಹಾಗೆ. ಆ ದಿನಗಳಲ್ಲಿ ಹೋಟೆಲ್‌ಗಳಲ್ಲೂ ಆ ಅಡುಗೆ ಸಿಗುತ್ತದೆ. ಗ್ರೆಚ್ಕಾ ಅಂತ ಒಂದು ಕಾಳು ಎಲ್ಲ ಅಂಗಡಿಯಲ್ಲೂ ಇದೆ. ಒಗ್ಗರಣೆ ಹಾಕಿ, ಈರುಳ್ಳಿ ಜಾಸ್ತಿ ಹಾಕಿ. ಉಪ್ಪಿಟ್ಟು ಅಂತ ಕಣ್ಣುಮುಚ್ಚಿ ತಿನ್ನಬಹುದು.

ಇನ್ನು ನಗು. ಗುರುತಿಲ್ಲದವರನ್ನು ನೋಡಿ ಇವರು ನಗುವುದಿಲ್ಲ, ಅಷ್ಟೇ. ಬಸ್ಸಿನಲ್ಲಿ ಎದುರು ಕೂತ ಯಾರೋ ಗಂಡಸನ್ನು ನೋಡಿ ನಾವೇನು ನಗುತ್ತೇವಾ? ಅಡುಗೆಮನೆಗೆ ಕರೆದು ಚಹಾ ಕೊಟ್ಟ ಮೇಲೆ ನೋಡಿ ಅವರ ಮಾತು, ನಗು. ನನ್ನ ಕಷ್ಟ ಉಲ್ಟಾ ಆಗಿತ್ತು. ನಾನು ಜಾಸ್ತಿ ನಗುತ್ತಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ನಾವು ಬಂದದ್ದು ಫೆಬ್ರವರಿಯಲ್ಲಿ. ಎರಡು ಕೋಣೆಯ ಮನೆ, ಒಂದು ನಮಗೆ ಬಾಡಿಗೆಗೆ, ಇನ್ನೊಂದರಲ್ಲಿ ಮನೆಯೊಡತಿ. ಎಪ್ಪತ್ತು ದಾಟಿದ್ದ ನಿವೃತ್ತ ಟೀಚರ್. ನಮ್ಮವರು ಕೈಚಾಚಿದರೆ, "ಒಳಗೆ ಬಾ" ಅಂತ ಮೊದಲು ಒಳಗೆಳೆದುಕೊಂಡು ಆಮೇಲೆ ಕೈ ಕೊಟ್ಟರು. ಹೊಸ್ತಿಲ ಮೇಲೆ ನಿಂತು ಕೊಡೋದು ತಗೊಳ್ಳೋದು ಮಾಡಬಾರದಂತೆ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಇದನ್ನೆಲ್ಲ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಯಾವ ಊರು ಅಂದರು. ಇಂಡಿಯಾ ಅಂದೆ. ಇಂಡಿಯಾದಲ್ಲಿ ಎಲ್ಲಿ ಅಂದರು. ಸುಮ್ನೆ ಯಾಕೆ ಹೇಳೋದು, ಬೆಂಗಳೂರು ಗೊತ್ತಿದ್ದರೆ ಅದೇ ಹೆಚ್ಚು ಅಂದುಕೊಂಡು ಕೊನೆಗೆ "ಬೀದರ್" ಅಂದೆ. ಅವರು ಎರಡೂ ಕೈ ಎತ್ತಿ, "ಬೆದೆರ್! ಅಫನಾಸಿ ನಿಕಿತಿನ್!" ಅಂದರು. ತ್ವೇರ್ ಅನ್ನೋ ಊರಿನ ವ್ಯಾಪಾರಿ ನಿಕಿತಿನ್ 1470ರ ಹೊತ್ತಿಗೆ ನಮ್ಮ ಬೀದರ್‌ಗೆ ಬಂದಿದ್ದ. ಮಾರೋಕೆ ಒಂದು ಕುದುರೆ ತಂದಿದ್ದ. ಮಹಮೂದ್ ಗವಾನನ ಕಾಲ ಅದು. ಬೀದರ್ ಕಂಡ ಹಾಗೆ ಬರೆದಿಟ್ಟಿದ್ದಾನೆ. ಇಲ್ಲಿ ಓದಿದವರಿಗೆಲ್ಲ ಅವನ ಹೆಸರು ಗೊತ್ತು. ಬೆಂಗಳೂರಿನಲ್ಲಿ ಬೀದರ್ ಅಂದರೆ "ಅಯ್ಯೋ, ಅಷ್ಟು ದೂರನಾ" ಅನ್ನುವುದನ್ನು ಕೇಳಿ ಬೆಳೆದವಳಿಗೆ ಅವತ್ತು ಹೇಗಾಗಿರಬೇಡ! ಪಾಪ, ಆ ನಿಕಿತಿನ್ ತನ್ನ ಊರು ಮುಟ್ಟಲಿಲ್ಲ. ವಾಪಸ್ ಬರುವಾಗ ಸ್ಮೊಲೆನ್‌ಸ್ಕ್ ಹತ್ತಿರ ದಾರಿಯಲ್ಲೇ ತೀರಿಕೊಂಡ.

ಅವರನ್ನು ಏನಂತ ಕರೆಯೋದು ಅನ್ನೋದು ಮೊದಲ ಪಾಠ. ನಮ್ಮಲ್ಲಿ ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಮುದುರಿಕೊಂಡಿರುತ್ತದೆ. ಇಲ್ಲಿ ಪೂರ್ತಿ ಬಾಯಿಬಿಟ್ಟು ಹೇಳಬೇಕು. ಚಿತ್ರಕಾರ ರೇಪಿನ್‌ನನ್ನು ಇಲ್ಯಾ ಎಫಿಮೊವಿಚ್ ಅಂದರೆ ಎಫಿಮನ ಮಗ ಇಲ್ಯಾ. ಹೆಂಗಸರಾದರೆ ಕೊನೆಗೆ "ಓವ್ನಾ", "ಎವ್ನಾ". ದೊಡ್ಡವರನ್ನು ಅವರ ಹೆಸರು, ಜೊತೆಗೆ ಅಪ್ಪನ ಹೆಸರು ಸೇರಿಸಿ ಕರೆಯಬೇಕು. "ತಿ" ಅಂದರೆ ನೀನು, "ವಿ" ಅಂದರೆ ನೀವು. ಅಮೆರಿಕಕ್ಕೆ ಹೋದವರಿಗಿಂತ ನಮಗೆ ಇದು ಬೇಗ ಬರುತ್ತದೆ. ನಾನು ಆ ಅಜ್ಜಿಯನ್ನು ದಿನಕ್ಕೆ ಇಪ್ಪತ್ತು ಸಲ ಅಪ್ಪನ ಹೆಸರು ಸೇರಿಸಿಯೇ ಕೂಗುತ್ತಿದ್ದೆ.

ಭಾಷೆ ಕಲಿಸಿದ್ದೂ ಅವರೇ. ಹೇಗೆ ಗೊತ್ತಾ? ಅಗನ್ಯೋಕ್ ಅಂತ ಸೋವಿಯತ್ ಕಾಲದ ವಾರಪತ್ರಿಕೆ. ಅದರ ನಡುವೆ ದೊಡ್ಡ ದೊಡ್ಡ ಪೇಂಟಿಂಗ್‌ಗಳ ಬಣ್ಣದ ಪ್ರತಿ ಬರುತ್ತಿತ್ತು. ನಮ್ಮಲ್ಲಿ ಕ್ಯಾಲೆಂಡರ್ ದೇವರಿಗೆ ಕಟ್ಟು ಹಾಕಿಸಿದ ಹಾಗೆ ಇಲ್ಲಿ ಜನ ಆ ಹಾಳೆ ಕತ್ತರಿಸಿ ಗೋಡೆಗೆ ಹಚ್ಚುತ್ತಿದ್ದರು. ಅಜ್ಜಿಯ ಹತ್ತಿರ ಒಂದು ಪೆಟ್ಟಿಗೆ ತುಂಬ ಇದ್ದವು. ದಿನಕ್ಕೊಂದು ತೆಗೆದು ಮುಂದಿಟ್ಟು, "ಏನು ಕಾಣುತ್ತೆ ಹೇಳು" ಅನ್ನುತ್ತಿದ್ದರು. ನಿಮ್ಮ ಮಗಳಿಗೂ ಇದೇ ಕಾದಿದೆ. ಇಲ್ಲಿನ ಶಾಲೆಯಲ್ಲಿ ಚಿತ್ರ ನೋಡಿ ಪ್ರಬಂಧ ಬರೆಸುತ್ತಾರೆ. ರೆಶೆತ್ನಿಕೋವ್ ಅನ್ನುವವರು 1952ರಲ್ಲಿ ಬರೆದ ಒಂದು ಚಿತ್ರವಿದೆ, "ಮತ್ತೆ ಎರಡು" ಅಂತ. ಇಲ್ಲಿ ಅಂಕ ಐದಕ್ಕೆ, ಎರಡು ಬಂದರೆ ಫೇಲ್. ಹುಡುಗ ಎರಡು ತಗೊಂಡು ಮನೆಗೆ ಬಂದಿದ್ದಾನೆ. ಅಮ್ಮನ ಮುಖ ಸಪ್ಪಗೆ, ಅಕ್ಕನಿಗೆ ಸಿಟ್ಟು, ನಾಯಿ ಮಾತ್ರ ಕುಣಿಯುತ್ತಿದೆ. ಮಗಳಿಗೆ ಈಗಲೇ ತೋರಿಸಿ ಕನ್ನಡದಲ್ಲೇ ಹೇಳಿಸಿ. ಸ್ಕೂಲ್ ಬಗ್ಗೆ ನನಗೆ ಇಷ್ಟೇ ಗೊತ್ತು, ಉಳಿದದ್ದು ಈಗಿನ ಅಮ್ಮಂದಿರನ್ನು ಕೇಳಬೇಕು.

ಈಗ ನಿಮ್ಮ ಫೋಟೋ. ಅದನ್ನು ತೆಗೆದದ್ದು 1909ರಲ್ಲಿ, ಕಿರಿಲ್ಲೋವ್ ಊರಿನ ಹತ್ತಿರ ಶೆಕ್ಸ್ನಾ ನದಿ ದಂಡೆಯ ಹಳ್ಳಿಯಲ್ಲಿ. ತೆಗೆದವರು ಪ್ರೊಕುದಿನ್-ಗೋರ್‌ಸ್ಕಿ. ಆಮೇಲೆ ಬಣ್ಣ ಬಳಿದದ್ದಲ್ಲ. ಒಂದೇ ಗಾಜಿನ ಪಟ್ಟಿಯ ಮೇಲೆ ನೀಲಿ, ಹಸಿರು, ಕೆಂಪು ಗಾಜಿನ ಮೂಲಕ ಒಂದರ ಹಿಂದೆ ಒಂದು ಮೂರು ಸಲ ಹಿಡಿದು, ಆಮೇಲೆ ಮೂರನ್ನೂ ಒಂದರ ಮೇಲೊಂದು ಕೂಡಿಸಿದ್ದು. ಅಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು. ಅಲುಗಾಡಿದರೆ ಅಂಚಿನಲ್ಲಿ ಬಣ್ಣ ಚೆಲ್ಲುತ್ತದೆ. ಅವರ ಬೇರೆ ಫೋಟೋಗಳಲ್ಲಿ ಹೊಳೆಯ ನೀರು ನೋಡಿ, ಕಾಮನಬಿಲ್ಲಿನ ಎಳೆ ಕಾಣುತ್ತವೆ. ಝಾರ್ ದೊರೆ ಅವರಿಗೆ ರೈಲಿನ ಒಂದು ಬೋಗಿಯನ್ನೇ ಡಾರ್ಕ್‌ರೂಮ್ ಮಾಡಿಸಿಕೊಟ್ಟಿದ್ದ, ದೇಶವೆಲ್ಲ ಸುತ್ತಿ ಚಿತ್ರ ತೆಗೆಯಲಿ ಅಂತ. ಕ್ರಾಂತಿಯಾದ ಮೇಲೆ, 1918ರಲ್ಲಿ, ಅವರು ದೇಶ ಬಿಟ್ಟರು. 1944ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಆ ಗಾಜುಗಳನ್ನು 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಮಕ್ಕಳಿಂದ ಕೊಂಡಿತು. ಅಂದರೆ ರಷ್ಯಾದ ಆ ಬಣ್ಣವೆಲ್ಲ ಇವತ್ತಿಗೂ ಪರದೇಶದಲ್ಲೇ ಇದೆ. ನನ್ನ ಅಮ್ಮನ ಇಳಕಲ್ ಸೀರೆ ಇಲ್ಲಿ ನನ್ನ ಕಪಾಟಿನಲ್ಲಿ ಇರುವ ಹಾಗೆ.

"ಈಗಲೂ ಹೀಗೇ ಇದೆಯಾ?" ಅಂತ ನಾನು ಕೇಳಿದಾಗ ಅಜ್ಜಿ ಫೋಟೋವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "1909. ಇನ್ನು ಐದು ವರ್ಷಕ್ಕೆ ಯುದ್ಧ. ಮೂರಕ್ಕೆ ಮೂರೂ ಮದುವೆ ವಯಸ್ಸಿನ ಹುಡುಗಿಯರು" ಅಂದರು. ಅಷ್ಟೇ.

ಯಾವ ಚಿತ್ರದಿಂದ ಶುರು ಮಾಡಲಿ ಅಂದಿರಿ. ತ್ರೆತ್ಯಾಕೋವ್ ಗ್ಯಾಲರಿಗೆ ಹೋಗಿ. ಅದನ್ನು ಕಟ್ಟಿದವನು ದೊರೆಯಲ್ಲ, ಬಟ್ಟೆ ವ್ಯಾಪಾರಿ. ಜೀವನಪೂರ್ತಿ ಚಿತ್ರ ಕೊಂಡು 1892ರಲ್ಲಿ ಊರಿಗೇ ಕೊಟ್ಟುಬಿಟ್ಟ. ರೇಪಿನ್ ಬರೆದ ಇವಾನ್ ದೊರೆಯ ಚಿತ್ರದ ಮುಂದೆ ಮಗಳನ್ನು ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಮಗನನ್ನೇ ಹೊಡೆದು ಕೊಂದ ಅಪ್ಪನ ಕಣ್ಣು ಅದು, ದೊಡ್ಡವರಿಗೇ ರಾತ್ರಿ ನಿದ್ದೆ ಬರುವುದಿಲ್ಲ. ಆ ಚಿತ್ರಕ್ಕೆ ಎರಡು ಸಲ ಏಟು ಬಿದ್ದಿದೆ, 1913ರಲ್ಲಿ ಚಾಕು, 2018ರಲ್ಲಿ ಲೋಹದ ಕಂಬ. ನೀವು ಸುರಿಕೋವ್ 1887ರಲ್ಲಿ ಮುಗಿಸಿದ "ಬೊಯಾರಿನ್ಯಾ ಮೊರೊಜೊವಾ" ಮುಂದೆ ಕೂತುಕೊಳ್ಳಿ. ಸುಮಾರು ಆರು ಮೀಟರ್ ಅಗಲ. ಹಿಮದ ಬೀದಿಯಲ್ಲಿ ಸ್ಲೆಡ್ಜ್ ಮೇಲೆ ಸರಪಳಿ ಹಾಕಿದ ಸಿರಿವಂತ ಹೆಂಗಸು, ಎರಡು ಬೆರಳು ಮೇಲೆತ್ತಿದ್ದಾಳೆ. ಶಿಲುಬೆ ಗುರುತು ಮೂರು ಬೆರಳಿನಲ್ಲಿ ಮಾಡಬೇಕು ಅಂತ ಹೊಸ ಕಟ್ಟಳೆ ಬಂದಿತ್ತು. ಇವಳು ಹಳೆಯ ಎರಡನ್ನೇ ಹಿಡಿದಳು. 1671ರಲ್ಲಿ ಬಂಧಿಸಿದರು, 1675ರಲ್ಲಿ ಬೊರೋವ್‌ಸ್ಕ್‌ನ ನೆಲದೊಳಗಿನ ಸೆರೆಯಲ್ಲಿ ಅನ್ನವಿಲ್ಲದೆ ಸತ್ತಳು. ಜನರ ನಡುವೆ ಕೆಲವರು ಅಳುತ್ತಿದ್ದಾರೆ, ಕೆಲವರು ಹಲ್ಲುಬಿಟ್ಟು ನಗುತ್ತಿದ್ದಾರೆ. ಬಲಗಡೆ ಬರಿಗಾಲಲ್ಲಿ ಹಿಮದ ಮೇಲೆ ಕೂತ ಅವಧೂತನಂಥ ಒಬ್ಬ ತಾನೂ ಎರಡು ಬೆರಳು ಎತ್ತಿದ್ದಾನೆ.

"ಎರಡು ಬೆರಳಾ ಮೂರಾ ಅನ್ನೋದಕ್ಕೆ ಇಷ್ಟೆಲ್ಲನಾ?" ಅಂತ ನಾನು ನಕ್ಕೆ. ಹಣೆಗೆ ಅಡ್ಡ ಇಡೋದಾ ಉದ್ದ ಇಡೋದಾ ಅನ್ನೋ ನಾಡಿನಿಂದ ಬಂದು ನಕ್ಕೆ ನೋಡಿ. ಅಜ್ಜಿ ಬೈಯಲಿಲ್ಲ. "ಮೊದಲು ಹಿಮ ನೋಡು. ಬೆಳ್ಳಗಿದೆಯಾ?" ಅಂದರು. ಇರಲಿಲ್ಲ. ನೀಲಿ ಇತ್ತು, ನಸುಗೆಂಪು ಇತ್ತು, ಗಾಡಿಯ ಜಾಡಿನಲ್ಲಿ ಮಣ್ಣಿನ ಬಣ್ಣ ಇತ್ತು.

ಮೇ ತಿಂಗಳಲ್ಲಿ ಅವರ ಹುಟ್ಟುಹಬ್ಬ. ಹತ್ತು ಟ್ಯುಲಿಪ್ ಹೂ ತಗೊಂಡು ಹೋದೆ. ಅವರು ಒಂದನ್ನು ಹಿರಿದು ಪಕ್ಕಕ್ಕಿಟ್ಟು, "ಸಮಸಂಖ್ಯೆ ಸತ್ತವರಿಗೆ ಕಣಮ್ಮ. ಬದುಕಿದವರಿಗೆ ಬೆಸ" ಅಂದರು. ಎಲ್ಲರೂ ನಕ್ಕರು. ನಾಲ್ಕೈದು ಜನ ಗೆಳತಿಯರು ಬಂದಿದ್ದರು, ಕೇಕ್, ಚಹಾ, ಮೇಜಿನ ಮೇಲೆ ಹಳೇ ಆಲ್ಬಮ್. ನಾನೂ ಪುಟ ತಿರುವುತ್ತಿದ್ದೆ. ಒಂದು ಫೋಟೋದಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸು, ಪಕ್ಕದಲ್ಲಿ ಕೋಟು ಹಾಕಿದ ಗಂಡಸು. ಅವನಿಗೆ ಮುಖ ಇರಲಿಲ್ಲ. ನೀಟಾಗಿ ದುಂಡಗೆ ಕತ್ತರಿಸಿತ್ತು. ನಾನು ಹೊಸದಾಗಿ ಕಲಿತ ರಷ್ಯನ್‌ನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, "ಇವರು ಯಾರು? ಓಡಿಹೋದ ಗಂಡನಾ?" ಅಂತ ನಗುತ್ತ ಕೇಳಿದೆ.

ಯಾರೂ ಮಾತಾಡಲಿಲ್ಲ. ಅಜ್ಜಿ ಆಲ್ಬಮ್ ಮುಚ್ಚಿ ಕಪಾಟಿನಲ್ಲಿಟ್ಟು, "ಕೇಕ್ ತಗೊಳ್ಳಿ" ಅಂದರು. ಆ ಮನೆಯಲ್ಲಿ ನಾವು ನಾಲ್ಕು ವರ್ಷ ಇದ್ದೆವು. ಆಲ್ಬಮ್ ಮತ್ತೆ ಹೊರಗೆ ಬರಲಿಲ್ಲ.

ನಮ್ಮವರ ಆಫೀಸಿನ ಹೆಂಗಸೊಬ್ಬರು ಆಮೇಲೆ ಬಿಡಿಸಿ ಹೇಳಿದರು. 1937, 38ರಲ್ಲಿ, ಸ್ಟಾಲಿನ್ ಕಾಲದಲ್ಲಿ, ಗುಪ್ತ ಪೊಲೀಸರು ರಾತ್ರಿ ಬಂದು ಜನರನ್ನು ಹಿಡಿದುಕೊಂಡು ಹೋಗುತ್ತಿದ್ದರು. "ಜನರ ಶತ್ರು" ಅನ್ನೋ ಹಣೆಪಟ್ಟಿ. ಅಂಥವರ ಫೋಟೋ ಮನೆಯಲ್ಲಿದ್ದರೆ ಮನೆಯವರಿಗೂ ಅಪಾಯ. ಅದಕ್ಕೇ ಹೆಂಡತಿಯರು, ತಾಯಂದಿರು ಕತ್ತರಿ ಹಿಡಿದು ಕೂತು ಮುಖ ತೆಗೆದರು, ಇಲ್ಲ ಶಾಯಿ ಬಳಿದರು. ಸರ್ಕಾರವೂ ಅದನ್ನೇ ಮಾಡುತ್ತಿತ್ತು. ಮಾಸ್ಕೋ ಕಾಲುವೆ ದಂಡೆಯಲ್ಲಿ ಸ್ಟಾಲಿನ್ ಜೊತೆ ಗುಪ್ತ ಪೊಲೀಸ್ ಮುಖ್ಯಸ್ಥ ಯೆಜೋವ್ ನಡೆಯುವ ಫೋಟೋ ಇದೆ. 1940ರಲ್ಲಿ ಯೆಜೋವ್‌ನನ್ನೇ ಗುಂಡಿಟ್ಟು ಕೊಂದರು. ಆಮೇಲಿನ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು. ಆ ಮನೆಯಲ್ಲಿ ಕತ್ತರಿ ಹಿಡಿದದ್ದು ಅಜ್ಜಿಯ ಅಮ್ಮ. ಫೋಟೋದ ಮಗು ಅಜ್ಜಿ.

ನಾನು ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದೆನಲ್ಲ, ಅದು ಫೋಟೋದಲ್ಲಿ ಮುಖ ಇಲ್ಲದ ಆ ಅಪ್ಪನದೇ ಹೆಸರು. ಮುಖ ಕತ್ತರಿಸಿದ್ದರು, ಹೆಸರನ್ನು ಮಗಳಿಂದ ಕತ್ತರಿಸೋಕೆ ಆಗಿರಲಿಲ್ಲ. ಅದಾದ ಮೇಲೆ ಎಷ್ಟೋ ದಿನ ಅವರನ್ನು ಕೂಗುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಕ್ಷಮೆ ಕೇಳೋಕೆ ನನ್ನ ರಷ್ಯನ್ ಸಾಲದು ಅಂತ ನೆಪ ಹೇಳಿಕೊಂಡೆ. ಭಾಷೆ ಬಂದ ಮೇಲೂ ಕೇಳಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ, "ಕೆಳಗೆ ಹೋದಾಗ ಕೆಂಪು ಕಾರ್ನೇಷನ್ ತರ್ತೀಯಾ?" ಅಂದರು. ಪಾಠ ಕಲಿತವಳಲ್ಲವೇ ನಾನು, ಎಣಿಸಿ ಮೂರು ತಂದೆ. ಅವರು ಅದರಲ್ಲಿ ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟು, ಎರಡನ್ನು ಪೇಪರ್‌ನಲ್ಲಿ ಸುತ್ತಿದರು. ಅವತ್ತು 30ನೇ ತಾರೀಖು. ಹಾಗೆ ಸಿಕ್ಕಿಬಿದ್ದವರನ್ನು ನೆನೆಯುವ ದಿನ. ಲುಬ್ಯಾಂಕಾ ಚೌಕದಲ್ಲಿ, ಗುಪ್ತ ಪೊಲೀಸರ ಆ ದೊಡ್ಡ ಕಟ್ಟಡದ ಎದುರಿಗೇ, ಸೊಲೊವ್ಕಿ ದ್ವೀಪದ ಸೆರೆಶಿಬಿರದಿಂದ ತಂದ ಒಂದು ಬಂಡೆ ಇದೆ, 1990ರಲ್ಲಿ ಇಟ್ಟದ್ದು. ಅಲ್ಲಿಗೆ ಹೊರಟಿದ್ದರು. ಮಂಡಿ ನೋವು, ಹೊರಗೆ ಜಾರುವ ಹಿಮ. "ನಾನೂ ಬರಲಾ?" ಅಂದೆ. "ಬೇಡ, ಮೆಟ್ರೋದಲ್ಲಿ ನೂಕು ಜಾಸ್ತಿ" ಅಂದರು. ಮೇ ತಿಂಗಳಿಗೆ ಮುಂಚೆ ಆಗಿದ್ದರೆ ಕರೆದುಕೊಂಡು ಹೋಗುತ್ತಿದ್ದರು. ಕಿಟಕಿಯಿಂದ ಅವರು ಗೋಡೆ ಹಿಡಿದು ಹಿಡಿದು ಹೋಗುವುದನ್ನು ನೋಡಿದೆ. ಕೈಯಲ್ಲಿದ್ದ ಒಂದು ಹೂವನ್ನು ಲೋಟದ ನೀರಲ್ಲಿಟ್ಟೆ.

ನೀವೂ ಅಕ್ಟೋಬರ್‌ನಲ್ಲೇ ಬರುತ್ತಿದ್ದೀರಲ್ಲ. ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಫೋಟೋ ನಾಲ್ಕು ಪ್ರಿಂಟ್ ಹಾಕಿಸಿ ತನ್ನಿ. ಫೋನಿನಲ್ಲಿದ್ದರೆ ಸಾಲದು. ಚಹಾಕ್ಕೆ ಕರೆದವರು ಮೊದಲು ಅದನ್ನೇ ಕೇಳುತ್ತಾರೆ. ಬ್ಯಾಗಿನಲ್ಲಿ ಜಾಗ ಉಳಿದರೆ ನನಗೆ ಎರಡು ಕೆಜಿ ಜೋಳದ ಹಿಟ್ಟು, ಸ್ವಲ್ಪ ಶೇಂಗಾ ಚಟ್ನಿಪುಡಿ. ಬೆಳ್ಳುಳ್ಳಿ ಹಾಕಿದ್ದು.