‘ನಿನಗೇನು ಇಷ್ಟ?’ ಎಂದರೆ ಉತ್ತರವೇ ಹೊಳೆಯುವುದಿಲ್ಲ

ಪ್ರಶ್ನೆ: ನನಗೆ 23 ವರ್ಷ. ಬಿ.ಎಸ್ಸಿ. ಮುಗಿಸಿ ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸಂಜೆ ಓಣಿಯ ಐದಾರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಭತ್ತದ ಸುಗ್ಗಿಯಲ್ಲಿ ಎಷ್ಟು ತಡವಾಗಿ ಬಂದರೂ ಅದನ್ನು ತಪ್ಪಿಸಿಲ್ಲ. ಬಿ.ಇಡಿ. ಸೇರಲೋ, ಗಿರಣಿಯಲ್ಲೇ ಇರಲೋ ತಿಳಿಯುತ್ತಿಲ್ಲ. ‘ನಿನಗೇನು ಇಷ್ಟ, ಹೇಳು’ ಎಂದು ಅಪ್ಪ ಕೇಳಿದರೆ ಮಾತೇ ಹೊರಡುವುದಿಲ್ಲ. ಇದು ನನ್ನ ಕೊರತೆಯೇ?
— ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಖಂಡಿತ ಕೊರತೆಯಲ್ಲ, ತಂಗಿ. ಇಷ್ಟವೆಂಬುದು ಮನಸ್ಸಿನಲ್ಲಿ ಮೊದಲೇ ಬರೆದಿಟ್ಟಿರುತ್ತದೆ, ಓದಿ ಹೇಳಿದರಾಯಿತು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾರಿಲ್ ಬೆಮ್ ಬೇರೆಯೇ ಮಾತು ಹೇಳಿದರು: ಒಳಗಿನ ಸೂಚನೆ ಮಸುಕಾಗಿದ್ದಾಗ ಪರರನ್ನು ಅರಿಯುವಂತೆಯೇ ನಮ್ಮನ್ನೂ ಅರಿಯುತ್ತೇವೆ, ನಡೆಯನ್ನು ನೋಡಿ. ಸುಗ್ಗಿಯ ದಣಿವಿನಲ್ಲೂ ಪಾಠ ತಪ್ಪಿಸಿಲ್ಲ ಎಂಬ ನಿಮ್ಮ ಸಾಲನ್ನು ನಾನು ಎರಡು ಸಲ ಓದಿದೆ. ಅಪ್ಪನಿಗೆ ಹೇಳಲಾಗದ ಉತ್ತರದ ಅರ್ಧ ಭಾಗ ಅದರಲ್ಲೇ ಇದೆ.

ಆದರೆ ಆಯ್ಕೆಯು ಇಷ್ಟವನ್ನು ತೋರಿಸುವುದಷ್ಟೇ ಅಲ್ಲ, ಬೆಳೆಸುವುದೂ ಉಂಟು. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಹ್ಮ್ 1956ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಹಿಳೆಯರು ಮನೆಬಳಕೆಯ ವಸ್ತುಗಳಿಗೆ ಅಂಕ ಕೊಟ್ಟು, ಎರಡರಲ್ಲಿ ಒಂದನ್ನು ಆರಿಸಿಕೊಂಡರು. ಮತ್ತೆ ಅಂಕ ಕೇಳಿದಾಗ ಆರಿಸಿಕೊಂಡದ್ದು ಮೇಲೇರಿತ್ತು, ಬಿಟ್ಟದ್ದು ಕೆಳಗಿಳಿದಿತ್ತು. (ಆ ಏರಿಳಿತಕ್ಕೆ ಮೊದಲೇ ಇದ್ದ ಒಲವೂ ಕಾರಣವಿರಬಹುದು ಎಂದು 2010ರಲ್ಲಿ ಸಂಶೋಧಕರಾದ ಕೀತ್ ಚೆನ್ ಮತ್ತು ಜೇನ್ ರೈಸನ್ ವಾದಿಸಿದರು.) ಹಾಗಾಗಿ ಶುಲ್ಕ ಕಟ್ಟಿದ ಮೇಲೆ ‘ಇದೇ ನನಗಿಷ್ಟ’ ಎನ್ನಿಸಿದರೆ ಅದನ್ನು ಪೂರ್ತಿ ನಂಬಬೇಡಿ. ಕಟ್ಟುವ ಮೊದಲೇ ಪರೀಕ್ಷಿಸಿಕೊಳ್ಳಿ.

ಬಿ.ಇಡಿ. ಎಂದರೆ ಎರಡು ವರ್ಷ. ಜಗುಲಿಯ ಐದು ಮಕ್ಕಳೇ ಬೇರೆ, ತರಗತಿಯ ಐವತ್ತು ಮಕ್ಕಳೇ ಬೇರೆ. ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರನ್ನು ಕೇಳಿ, ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದೊಂದು ತರಗತಿ ತೆಗೆದುಕೊಳ್ಳಿ. ಗಿರಣಿಗೆ ತುಸು ತಡವಾಗಿ ಬರುವುದಾಗಿ ಸಾಹುಕಾರರಿಗೆ ಮೊದಲೇ ತಿಳಿಸಿ. ಹೋಗುವ ಮುನ್ನ ‘ಹೇಗಿರಬಹುದು’, ಬಂದ ಮೇಲೆ ‘ಹೇಗಿತ್ತು’ ಎಂದು ಒಂದೊಂದು ಸಾಲು ಬರೆದಿಡಿ. ಗಿರಣಿಯ ದಿನಗಳಿಗೂ ಹಾಗೆಯೇ ಮಾಡಿ. ಒಂದು ಕೆಟ್ಟ ದಿನಕ್ಕೆ ಹೆದರಿ ತೀರ್ಮಾನ ಬೇಡ, ಹತ್ತು ಹದಿನೈದು ಸಾಲುಗಳಾದರೂ ಕೂಡಲಿ.

ಅಲ್ಲಿಯವರೆಗೆ ಅಪ್ಪನಿಗೆ ‘ನೋಡುತ್ತಿದ್ದೇನೆ, ಸ್ವಲ್ಪ ಸಮಯ ಕೊಡಿ’ ಎನ್ನಿ. ಆಮೇಲೆ ಬರೆದಿಟ್ಟ ಆ ಸಾಲುಗಳನ್ನು ಅವರೆದುರೇ ಓದಿ.